ಭಟ್ಟಿ ಗಲ್ಲಿಯ ಏಳು ಸೆಕೆಂಡು

ಇಡೀ ದಾವಣಗೆರೆ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುತ್ತದೆ ಎಂದಾಗ ಹರಿಹರದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ವಾರ ಬಂದು ನೋಡಿಕೊಂಡು ಹೋದ ಮೇಲೆ, ನಮ್ಮೂರಿಗೆ ಇದು ಯಾವಾಗ ಬರುತ್ತದೆ ಎಂದು ಅರ್ಜಿ ಬರೆದರು.

ಆಗುತ್ತಿದ್ದದ್ದು ಇಷ್ಟೇ. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ, ಎಂಬತ್ತು ಸೆಕೆಂಡಿಗೊಮ್ಮೆ, ಊರಿನ ನೂರಾ ಹನ್ನೆರಡು ಸರ್ಕಲ್‌ಗಳಲ್ಲೂ 'ಟಣ್' ಎಂದು ಸದ್ದಾಗಿ ಹಸಿರು ದೀಪ ಬೀಳುತ್ತಿತ್ತು. ಬಸ್ಸು, ಲಾರಿ, ಆಟೋ, ಸ್ಕೂಟರು ಎಲ್ಲವೂ ಹೊರಡಬೇಕು. ಮುಂದಿನ ಸರ್ಕಲ್ ತಲುಪಿ, ಅಲ್ಲಿ ಹಳದಿ ಬಣ್ಣ ಬಳಿದ ಚೌಕದೊಳಗೆ ನಿಂತು, ಮುಂದಿನ ಟಣ್‌ಗೆ ಕಾಯಬೇಕು. ಒಂದು ಟಣ್‌ಗೆ ಒಂದು ಸರ್ಕಲ್. ಜನ ಇದಕ್ಕೆ ಬಡಿತ ಎಂದು ಹೆಸರಿಟ್ಟರು. ಪಿ.ಬಿ. ರಸ್ತೆಯ ಈ ತುದಿಯಿಂದ ಆ ತುದಿಗೆ ಹನ್ನೊಂದು ಬಡಿತ. ಹಬ್ಬದ ದಿನವೂ ಅಷ್ಟೇ, ಸೋಮವಾರ ಬೆಳಿಗ್ಗೆಯೂ ಅಷ್ಟೇ.

ಆರು ತಿಂಗಳೊಳಗೆ ಊರಿನ ಮಾತೇ ಬದಲಾಯಿತು. ದೋಸೆ ಹೋಟೆಲಿನಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ "ಮೂರು ಬಡಿತ ಕೂತ್ಕಳ್ರಿ" ಎನ್ನುತ್ತಿದ್ದರು. ದಿನವೂ ಒಂದೇ ಚೌಕದಲ್ಲಿ ಅಕ್ಕಪಕ್ಕ ನಿಂತು ಮಾತಾಡಿಕೊಂಡ ಒಂದು ಜೋಡಿಗೆ ಮದುವೆಯೂ ಆಯಿತು. ಬಡಿತ ಕೇಂದ್ರದವರನ್ನು ಅವರು ಮೊದಲ ಪಂಕ್ತಿಗೇ ಕೂರಿಸಿ ಹೋಳಿಗೆ ಬಡಿಸಿದರು. ಒಗ್ಗದವರೂ ಇದ್ದರು. ಸಿಗ್ನಲ್ ಹಾರಿಸುವುದೇ ಒಂದು ಪೌರುಷ ಎಂದುಕೊಂಡಿದ್ದವರ ಮುಖ ಸಪ್ಪಗಾಯಿತು. ಅಂಥವರ ಬಗ್ಗೆ ನಾವು ಮರುಗಬೇಕಾಗಿಲ್ಲ.

ಈ ಬಡಿತ ಊರಿಗೆ ಬಂದದ್ದು ಚಿಪ್‌ನಿಂದ, ಅದನ್ನು ತಂದವರಲ್ಲಿ ಮುಖ್ಯಳು ದಾಕ್ಷಾಯಣಿ. ಮೂವತ್ತಾರು ವರ್ಷದ ಈಕೆ ಒಂಬತ್ತು ವರ್ಷ ಮೈಸೂರಿನಲ್ಲಿ ಚಿಪ್‌ಗಳಿಗೆ ಗಡುವು ಬರೆಯುತ್ತಿದ್ದಳು. ಹಾಗೆಂದರೇನು ಎಂದು ಕೇಳಿದವರಿಗೆಲ್ಲ ಅವಳು ಕೈ ಕುಣಿಸಿಕೊಂಡು ವಿವರಿಸುತ್ತಿದ್ದಳು. ಉಗುರಗಲದ ಚಿಪ್‌ನೊಳಗೆ ಕೋಟಿಗಟ್ಟಲೆ ಪುಟ್ಟ ಕಟ್ಟೆಗಳಿರುತ್ತವೆ. ಗಡಿಯಾರ ಒಮ್ಮೆ ಮಿಡಿದಾಗ ಪ್ರತಿ ಕಟ್ಟೆಯಿಂದಲೂ ಒಂದು ಸೊನ್ನೆಯೋ ಒಂದು ಒಂದೋ ಹೊರಟು, ತಂತಿಗಳ ಸಂದಿಗೊಂದಿ ದಾಟಿ, ಮುಂದಿನ ಕಟ್ಟೆಯ ಮೇಲೆ ಹೋಗಿ ಕೂರಬೇಕು. ಯಾವ ದಾರಿಗೆ ಎಷ್ಟು ಸಮಯ ಎಂದು ಮನುಷ್ಯರು ಒಂದು ಕಡತದಲ್ಲಿ ಬರೆದುಕೊಡುತ್ತಾರೆ. ಆ ಗಡುವುಗಳನ್ನೆಲ್ಲ ಪಾಲಿಸುವಂತೆ ಇಡೀ ಚಿಪ್ ಹೆಣೆದುಕೊಡುವುದು ಯಂತ್ರದ ಕೆಲಸ. ಅದಕ್ಕೆ ಸಿಂಥೆಸಿಸ್ ಎಂದು ಹೆಸರು. ಕಟ್ಟೆಯ ಬದಲು ಸರ್ಕಲ್, ತಂತಿಯ ಬದಲು ರಸ್ತೆ, ಸೊನ್ನೆಯ ಬದಲು ಸ್ಕೂಟರು ಇಟ್ಟು ಊರನ್ನೇ ಹೆಣೆಸಿದರೆ ಹೇಗೆ ಎಂದು ಒಂದು ದಿನ ಅವಳಿಗೆ ಹೊಳೆಯಿತು. ಹೊಳೆದದ್ದನ್ನು ಸುಮ್ಮನೆ ಬಿಡುವ ಪೈಕಿ ಅವಳಲ್ಲ.

ಚಿಪ್‌ಗಾಗಲಿ ಊರಿಗಾಗಲಿ ನಿಯಮ ಎರಡೇ. ಮೊದಲನೆಯದು, ತಡವಾಗಿ ಬರಬೇಡ. ಎರಡನೆಯದು, ತೀರಾ ಬೇಗ ಬರಬೇಡ. ಎರಡನೆಯದನ್ನು ಕೇಳಿ ಎಲ್ಲರೂ ನಗುತ್ತಾರೆ, ಬೇಗ ಬಂದರೆ ಏನಂತೆ ಎಂದು. ಪ್ರತಿ ಸರ್ಕಲ್‌ನ ಕಂಬದ ಮೇಲೂ ಒಂದು ಯಂತ್ರದ ಕಣ್ಣಿತ್ತು. ಟಣ್‌ಗೆ ಮೂರು ಸೆಕೆಂಡು ಮುಂಚಿನಿಂದ ಎರಡು ಸೆಕೆಂಡು ಆಮೇಲಿನವರೆಗೆ ಅದು ಚೌಕದಲ್ಲಿ ನಿಂತವರನ್ನು ಎಣಿಸಿ, ಯಾವ ದಾರಿ ತೆರೆಯಬೇಕೆಂದು ತೀರ್ಮಾನಿಸುತ್ತಿತ್ತು. ಆ ಐದು ಸೆಕೆಂಡು ಚೌಕದೊಳಗೆ ಯಾರೂ ನುಗ್ಗಬಾರದು. ನುಗ್ಗಿದರೆ ಕಣ್ಣಿಗೆ ಗಲಿಬಿಲಿಯಾಗಿ, ಎಡದ ದಾರಿಯನ್ನೂ ಬಲದ ದಾರಿಯನ್ನೂ ಒಟ್ಟಿಗೆ ತೆರೆದುಬಿಡುವ ಅಪಾಯವಿತ್ತು.

ಗಿರಣಿ ಸರ್ಕಲ್‌ನಲ್ಲಿ ಆಗುತ್ತಿದ್ದದ್ದು ಅದೇ. ಮೂರು ವಾರದಲ್ಲಿ ಏಳು ಡಿಕ್ಕಿ. ಯಾರ ಜೀವವೂ ಹೋಗಿರಲಿಲ್ಲ, ಆದರೆ ಏಳರಲ್ಲಿ ಏಳೂ ಮಂಡಕ್ಕಿ ಗಾಡಿಗಳು.

ಮಂಡಕ್ಕಿ ಗಾಡಿ ಎಂದರೆ ಒಂದು ಮೊಪೆಡ್ಡು, ಅದರ ಮೇಲೆ ಮನುಷ್ಯನಿಗಿಂತ ದೊಡ್ಡ ನಾಲ್ಕು ಚೀಲ. ನೋಡುವವರಿಗೆ ಗುಡ್ಡವೇ ಬಂದಂತೆ ಕಾಣುತ್ತದೆ, ತೂಕ ಮಾತ್ರ ಏನೂ ಇಲ್ಲ. ಗಿರಣಿ ಸರ್ಕಲ್‌ಗೆ ಅಂಟಿಕೊಂಡೇ ಇರುವ ಭಟ್ಟಿ ಗಲ್ಲಿಯಿಂದ ಅವು ಹೊರಡುತ್ತಿದ್ದವು. ಗಲ್ಲಿಯೊಳಗೂ ಟಣ್ ಎನ್ನುವ ಒಂದು ಕಂಬವಿತ್ತು. ಅಲ್ಲಿ ಇಪ್ಪತ್ತಾರು ಮಂಡಕ್ಕಿ ಭಟ್ಟಿಗಳು, ಒಂದೊಂದು ಭಟ್ಟಿಗೂ ಒಂದೊಂದು ಮನೆತನ. ಹದಿನಾಲ್ಕನೆಯ ಭಟ್ಟಿ ಹಾಲಮ್ಮನದು. ಹಾಲಮ್ಮ ದಾಕ್ಷಾಯಣಿಯ ತಾಯಿ.

ಆ ಗುರುವಾರ ಕುಂದವಾಡ ಕೆರೆಯ ದಂಡೆಯ ಬಡಿತ ಕೇಂದ್ರದಲ್ಲಿ, ಗೋಡೆಯಗಲದ ಪರದೆಯ ಮುಂದೆ, ಮುಖ್ಯಸ್ಥ ತಿಪ್ಪೇರುದ್ರಪ್ಪನವರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಒಳ್ಳೆಯ ಮನುಷ್ಯ, ಆದರೆ ಪತ್ರಿಕೆಯವರು ಫೋನ್ ಮಾಡಿದರೆ ಬೆವರುತ್ತಿದ್ದರು.

"ಏನ್ರೀ ದಾಕ್ಷಾಯಣಿ, ಏನಂತೈತೆ ನಿಮ್ ಯಂತ್ರದ ವರದಿ?"

"ಗಿರಣಿ ಸರ್ಕಲ್‌ನಾಗೆ ಒಂದೂ ತಪ್ಪಿಲ್ಲ ಅಂತೈತೆ ಸಾರ್. ಎಲ್ಲಾ ದಾರೀನೂ ಹಸಿರು."

"ವರದಿ ಹಸಿರು, ರಸ್ತೆ ಕೆಂಪು. ಯಾರನ್ನ ನಂಬಬೇಕು ನಾನು?" ಅವರು ಮುಖ ಒರೆಸಿಕೊಂಡರು. "ಜನ ತಡವಾಗಿ ಬಂದು ನುಗ್ತಾರೆ, ಅಷ್ಟೆ. ಬಡಿತ ನಿಧಾನ ಮಾಡಿ. ಎಂಬತ್ತು ಬ್ಯಾಡ, ನೂರು ಮಾಡಿ."

ಬೆಳಿಗ್ಗೆ ಹತ್ತಕ್ಕೆ ನೂರು ಮಾಡಿದರು. ಮಧ್ಯಾಹ್ನದೊಳಗೆ ಊರಿಗೆ ಊರೇ ಸಿಡಿಮಿಡಿಗೊಂಡಿತು. ಶಾಲೆಯ ಬಸ್ಸು ತಡ, ಕೋರ್ಟಿನ ವಕೀಲರು ತಡ, ಮುಹೂರ್ತದ ಅಕ್ಷತೆ ಹಾಕಲು ಹೊರಟವರು ಊಟಕ್ಕೆ ತಲುಪಿದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗಿರಣಿ ಸರ್ಕಲ್‌ನಲ್ಲಿ ಎಂಟನೆಯ ಡಿಕ್ಕಿಯೂ ಆಯಿತು. ಪರದೆಯ ಮೇಲೆ ಒಂದು ಟೆಂಪೋ ಗಕ್ಕನೆ ನಿಂತದ್ದು, ಮಂಡಕ್ಕಿಯ ಚೀಲ ಒಡೆದು ರಸ್ತೆಯೆಲ್ಲ ಬೆಳ್ಳಗಾದದ್ದು ಕಂಡಿತು. ಬಿದ್ದವನು ಎಡಗೈ ಹಿಡಿದುಕೊಂಡು ಎದ್ದು ಕೂತ. ದಾಕ್ಷಾಯಣಿ ಪರದೆಯ ಹತ್ತಿರಕ್ಕೆ ಓಡಿದಳು. ಅವನು ಅವಳ ತಮ್ಮ ಕೊಟ್ರೇಶಿ.

"ನಾಳೆ ಐದು ಗಂಟೆಗೆ ಸಮಿತಿ ಕೂರ್ತೈತೆ," ಎಂದರು ತಿಪ್ಪೇರುದ್ರಪ್ಪ, ಅವಳ ಕಡೆ ನೋಡದೆ. "ಸೋಮವಾರದಿಂದ ಬಡಿತದ ರಸ್ತೆಗಳಿಗೆ ಮಂಡಕ್ಕಿ ಗಾಡಿ ಬರೋ ಹಂಗಿಲ್ಲ ಅಂತ ಆದೇಶ. ಕಾಗದ ತಯಾರೈತೆ. ನಂಗೂ ಬೇಜಾರಮ್ಮ. ನಿಮ್ ತಾಯಿಯವರದೂ ಭಟ್ಟಿ ಅಂತ ಗೊತ್ತು."

ಬಡಿತವಿಲ್ಲದ ರಸ್ತೆ ಊರಿನಲ್ಲಿ ಉಳಿದಿರಲಿಲ್ಲ. ಆ ಕಾಗದಕ್ಕೆ ಸಹಿ ಬಿದ್ದರೆ ಇಪ್ಪತ್ತಾರು ಭಟ್ಟಿಯ ಒಲೆಯೂ ಆರಿದಂತೆಯೇ. ಸರ್ಕಾರಿ ಆದೇಶ ಹೊರಡುವುದು ಒಂದು ಸಂಜೆಯಲ್ಲಿ, ಹಿಂತಿರುಗಲು ಒಂದು ತಲೆಮಾರು ಬೇಕು. ದಾಕ್ಷಾಯಣಿಗೆ ಅದು ಚೆನ್ನಾಗಿ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ತಾಯಿಯ ಮನೆಗೆ ಹೋದಾಗ ಕೊಟ್ರೇಶಿ ಪಡಸಾಲೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ಮೂವತ್ತರ ಗಟ್ಟಿ ಆಳು, ಬಲಗೈಯಲ್ಲಿ ಅವಲಕ್ಕಿ ತಿನ್ನುತ್ತಿದ್ದ. ಒಳಗೆ ಹಾಲಮ್ಮ ಬಾಣಲೆಯ ಕಾದ ಮರಳಿಗೆ ಅಕ್ಕಿ ಸುರಿಯುತ್ತಿದ್ದಳು. ಸುರಿದ ಮರುಕ್ಷಣವೇ ಚಟಪಟನೆ ಅರಳಿ ಬಾಣಲೆ ತುಂಬಿಬಿಡುತ್ತಿತ್ತು. ಮುಂದಿನ ಕ್ಷಣಕ್ಕೆ ಅದು ಜರಡಿಯಲ್ಲಿ. ಒಂದು ಎಣಿಕೆ ತಡವಾದರೆ ಸೀದು ಹೋಗುತ್ತದೆ, ಒಂದು ಎಣಿಕೆ ಮುಂಚೆ ತೆಗೆದರೆ ಅರಳುವುದಿಲ್ಲ. ಹಾಲಮ್ಮನಿಗೆ ಅರವತ್ತೆಂಟು ವರ್ಷ, ಗಡಿಯಾರ ನೋಡಿದವಳೇ ಅಲ್ಲ.

"ಬಂದ್ಯಾ? ನಿನ್ ಟಣ್ಣು ನನ್ ಮಗನ ಕೈ ಮುರೀತಲ್ಲೇ," ಎಂದಳು ತಲೆ ಎತ್ತದೆ.

"ಅವ್ವಾ, ಬೈಯೋದನ್ನ ಆಮೇಲೆ ಬೈಯಿ. ಕೊಟ್ರೇಶಿ, ಸರಿಯಾಗಿ ಹೇಳು. ನೀನು ತಡವಾಗಿ ನುಗ್ಗಿದ್ಯಾ?"

ಕೊಟ್ರೇಶಿಗೆ ರೇಗಿತು. "ತಡವಾ? ನಾನಾ? ಅಕ್ಕಾ, ಗಲ್ಲಿ ಕಂಬದಾಗೆ ಟಣ್ ಅಂತು, ಹಸಿರು ಬಿತ್ತು, ಹೊಂಟೆ. ಐದಾರು ಎಣಿಸೋದ್ರಾಗೆ ಸರ್ಕಲ್ ಚೌಕದಾಗಿದ್ದೆ. ಅಲ್ಲಿ ಮುಂದಿನವು ಇನ್ನೂ ನಿಂತೇ ಇದ್ವು. ಎಲ್ಡು ಕ್ಷಣಕ್ಕೇ ಮತ್ತೆ ಹಸಿರು ಬಿತ್ತು. ನಂಗೇ ಬಿತ್ತು ಅಂತ ಹೋದೆ, ಬಲಗಡೆಯಿಂದ ಟೆಂಪೋನೂ ಬಂತು."

ದಾಕ್ಷಾಯಣಿ ಅವಲಕ್ಕಿಯ ತಟ್ಟೆಯನ್ನೇ ನೋಡುತ್ತ ನಿಂತಳು. ಬಡಿತ ನಿಧಾನ ಮಾಡಿದರೂ ಡಿಕ್ಕಿ ನಿಂತಿರಲಿಲ್ಲ. ತಡವಾಗಿ ಬರುವವರ ತೊಂದರೆಯಾಗಿದ್ದರೆ ಇಪ್ಪತ್ತು ಸೆಕೆಂಡು ಹೆಚ್ಚು ಕೊಟ್ಟ ಮೇಲೆ ಅದು ನಿಲ್ಲಲೇಬೇಕಿತ್ತು. ನಿಲ್ಲಲಿಲ್ಲ ಎಂದರೆ ಅದು ಮೊದಲನೆಯ ನಿಯಮದ ತೊಂದರೆಯೇ ಅಲ್ಲ. ಬೇಗ ಬರುವವನಿಗೆ ಬಡಿತ ಎಂಬತ್ತಾದರೇನು, ನೂರಾದರೇನು, ಸಾವಿರವಾದರೇನು? ಅವನು ಬಂದು ಬೀಳುವುದು ಅದೇ ಟಣ್‌ನ ಕಾಲ ಬುಡಕ್ಕೆ. ಒಂಬತ್ತು ವರ್ಷ ಹೊಸಬರಿಗೆಲ್ಲ ಇದನ್ನು ಪಾಠ ಹೇಳಿಕೊಟ್ಟವಳು, ತನ್ನೂರಿನ ಸರ್ಕಲ್ ಮುಂದೆ ಮರೆತು ಕೂತಿದ್ದಳು.

"ಬೇಗ!" ಎಂದು ಕೂಗಿದಳು. "ಕೊಟ್ರೇಶಿ, ನೀನು ಬೇಗ ಬಂದೆ!"

"ಅದನ್ನೇ ಅಲ್ವಾ ನಾನು ಹೇಳ್ತಿರೋದು," ಎಂದ ಅವನು.

ಅವಳು ತಮ್ಮನ ತಲೆ ಹಿಡಿದು ಅಲ್ಲಾಡಿಸಿ ಗಲ್ಲಿಯ ಕಂಬದ ಹತ್ತಿರ ಓಡಿದಳು. ಮೊಬೈಲಿನ ಸೆಕೆಂಡು ಗಡಿಯಾರ ಹಿಡಿದುಕೊಂಡು ನಿಂತಳು. ಗಲ್ಲಿಯಲ್ಲಿ ಟಣ್ ಎಂದಿತು. ಸರ್ಕಲ್ ಇನ್ನೂ ಸುಮ್ಮನಿತ್ತು. ಏಳು ಸೆಕೆಂಡು ಕಳೆದ ಮೇಲೆ ಸರ್ಕಲ್‌ನಲ್ಲೂ ಟಣ್. ಆ ಏಳು ಸೆಕೆಂಡು ಯಾರು ಇಟ್ಟದ್ದೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಸರ್ಕಲ್‌ಗೆ ಇನ್ನೊಂದು ಕಡೆಯಿಂದ ರೈಲ್ವೆ ಮೇಲ್ಸೇತುವೆ ಬಂದು ಸೇರುತ್ತದೆ. ಲೋಡು ಹೊತ್ತ ಲಾರಿಗಳು ಅದರ ಏರು ಹತ್ತಿ ಬರುವಷ್ಟರಲ್ಲಿ ಐದು ಸೆಕೆಂಡು ತಡವಾಗುತ್ತಿತ್ತು. ಪಾಪ ಎಂದು, ಮೂರು ವಾರದ ಹಿಂದೆ ಅವುಗಳಿಗಾಗಿ ಗಿರಣಿ ಸರ್ಕಲ್‌ನ ಬಡಿತವನ್ನಷ್ಟೇ ಏಳು ಸೆಕೆಂಡು ಹಿಂದಕ್ಕೆ ಹಾಕಿದ್ದಳು. ಚಿಪ್‌ನಲ್ಲಿ ಎಲ್ಲರೂ ಮಾಡುವ ಉಪಾಯ ಅದು. ದೂರದಿಂದ ಬರುವವನಿಗೆ ಕೊಟ್ಟ ಸಮಯ ಪಕ್ಕದ ಮನೆಯವನನ್ನು ಸಿಕ್ಕಿಸಿಹಾಕುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದಕ್ಕೇ ವರದಿ ಇರುವುದು.

ಹಾಗಿದ್ದರೆ ವರದಿ ಯಾಕೆ ಹಸಿರು?

ಭಟ್ಟಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಗಡುವಿನ ಕಡತವನ್ನು ಸಾಲುಸಾಲಾಗಿ ಓದುತ್ತ ಹೋದಳು. ಊಟಕ್ಕೆ ಕರೆದರೂ ಏಳಲಿಲ್ಲ. ನಾನೂರ ಹದಿನೇಳನೆಯ ಸಾಲಿನಲ್ಲಿ ಸಿಕ್ಕಿತು. "ಭಟ್ಟಿ ಗಲ್ಲಿಯಿಂದ ಗಿರಣಿ ಸರ್ಕಲ್: ಸುಳ್ಳು ದಾರಿ. ಬೆಳಗಿನ ಐದರ ಮೇಲೆ ಇಲ್ಲಿಂದ ಯಾರೂ ಬರುವುದಿಲ್ಲ." ಕೆಳಗೆ ಬರೆದವರ ಹೆಸರು, ದಾಕ್ಷಾಯಣಿ.

ಸುಳ್ಳು ದಾರಿ ಎಂದರೆ, ತಂತಿ ಇದ್ದರೂ ಯಾರೂ ಓಡಾಡದ ದಾರಿ. ಇದನ್ನು ಪರೀಕ್ಷಿಸುತ್ತ ಸಮಯ ಕಳೆಯಬೇಡ ಎಂದು ಯಂತ್ರಕ್ಕೆ ಕೊಡುವ ಸೂಚನೆ. ಯಂತ್ರ ಮಹಾ ವಿಧೇಯ. ನೋಡಬೇಡ ಎಂದರೆ ನೋಡುವುದಿಲ್ಲ, ನೋಡಲಿಲ್ಲ ಎಂದು ಹೇಳುವುದೂ ಇಲ್ಲ. ಬೇರೆ ಯಾವ ಎಂಜಿನಿಯರ್ ಬರೆದಿದ್ದರೂ ಗಲ್ಲಿಗೆ ಬಂದು ಒಮ್ಮೆ ವಿಚಾರಿಸುತ್ತಿದ್ದ. ದಾಕ್ಷಾಯಣಿ ವಿಚಾರಿಸಿರಲಿಲ್ಲ, ಏಕೆಂದರೆ ಅವಳಿಗೆ ಗೊತ್ತಿತ್ತು. ಈ ಗಲ್ಲಿಯಲ್ಲೇ ಹುಟ್ಟಿದವಳು. ಮಂಡಕ್ಕಿ ಹೊರಡುವುದು ಬೆಳಗಿನ ಜಾವ ನಾಲ್ಕೂವರೆಗೆ, ಬಡಿತ ಶುರುವಾಗುವುದು ಆರಕ್ಕೆ. ಇದನ್ನೂ ಕೇಳಬೇಕೆ?

"ಅವ್ವಾ, ಮಂಡಕ್ಕಿ ಯಾವಾಗಿಂದ ಮಧ್ಯಾಹ್ನ ಹೋಗ್ತಾ ಐತೆ?"

"ನಿನ್ ಟಣ್ ಬಂದಾಗಿಂದ," ಎಂದಳು ಹಾಲಮ್ಮ, ಜರಡಿ ಆಡಿಸುತ್ತಲೇ. "ಮೊದ್ಲು ಸಾಯಂಕಾಲದ ಮಿರ್ಚಿ ಅಂಗಡಿಗೆ ಬಿಸಿ ಮಂಡಕ್ಕಿ ಮುಟ್ಟಿಸೋಕೆ ಆಗ್ತಿತ್ತಾ? ರಸ್ತೇಲಿ ಸಿಕ್ಕಾಕ್ಕೊಂಡು ಮೆತ್ತಗಾಗ್ತಿತ್ತು. ಈಗ ಆರು ಬಡಿತದಾಗೆ ಜಯದೇವ ಸರ್ಕಲ್. ಗರಿಗರಿ ಇರ್ತೈತೆ. ಎಲ್ಲಾ ಭಟ್ಟೀಲೂ ಮೂರು ಗಂಟೆಗೆ ಇನ್ನೊಂದು ಒಲೆ ಹಚ್ತೀವಿ. ನೀನು ಭಾನುವಾರ ಬಂದು ಉಂಡು ಹೋಗೋಳು, ನಿಂಗೆ ಹೆಂಗೆ ಗೊತ್ತಾಗಬೇಕು?"

ದಾಕ್ಷಾಯಣಿಗೆ ನಾಚಿಕೆಯಾಯಿತು. ತನ್ನ ಯಂತ್ರವನ್ನು ಇಡೀ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು ತನ್ನ ಗಲ್ಲಿಯವರೇ, ತಾನು ಮಾತ್ರ ಅವರನ್ನು ಇಲ್ಲವೆಂದು ಬರೆದಿದ್ದಳು. ಆದರೆ ನಾಚುತ್ತ ಕೂರಲು ಸಮಯವಿರಲಿಲ್ಲ. ಗಂಟೆ ಮೂರೂಕಾಲು. ತಿಪ್ಪೇರುದ್ರಪ್ಪನವರಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

"ಸರಿ, ಗಲ್ಲಿ ಕಂಬಕ್ಕೂ ಏಳು ಸೆಕೆಂಡು ತಡ ಮಾಡಿಬಿಡಿ," ಎಂದರು ಅವರು.

"ಎಲ್ಲಾ ಕಂಬಾನೂ ಒಟ್ಟಿಗೆ ನಿಧಾನ ಮಾಡೋದು ಸುಲಭ. ಒಂದೇ ಕಂಬ ಮುಟ್ಟಿದ್ರೆ ಊರನ್ನೆಲ್ಲಾ ಮತ್ತೆ ಹೆಣೀಬೇಕು ಸಾರ್. ಯಂತ್ರಕ್ಕೆ ಎರಡು ದಿನ ಬೇಕು."

"ಸಮಿತಿ ಎರಡು ದಿನ ಕಾಯಲ್ಲ. ಎಂಟು ಡಿಕ್ಕಿ ಆಗ್ಯಾವೆ ದಾಕ್ಷಾಯಣಿ. ಬಾಯಿ ಮಾತು ಯಾರು ಕೇಳ್ತಾರೆ?" ಆ ಕಡೆ ಕಾಗದ ಸರಿದಾಡಿದ ಸದ್ದಾಯಿತು. "ನಾಲ್ಕೂವರೆಗೆ ನಾನೇ ಸರ್ಕಲ್‌ಗೆ ಬರ್ತೀನಿ. ಡಿಕ್ಕಿ ಆಗದಂಗೆ ಗಾಡಿ ದಾಟಿಸಿ ತೋರ್ಸಿ. ತೋರಿಸಿದ್ರೆ ಕಾಗದ ಹರೀತೀನಿ. ಇಲ್ಲದಿದ್ರೆ ನನ್ ಕೈಲಿ ಏನೂ ಇಲ್ಲ."

ಇಂಥ ಕಡೆ ಚಿಪ್‌ನಲ್ಲಿ ಏನು ಮಾಡುತ್ತಾರೆ? ಬೇಗ ಮುಟ್ಟಿಸುವ ದಾರಿಯಲ್ಲಿ, ಯಾವ ಕೆಲಸವನ್ನೂ ಮಾಡದ ಒಂದೆರಡು ಪುಟ್ಟ ಗೇಟುಗಳನ್ನು ಕೂರಿಸುತ್ತಾರೆ. ಅವುಗಳ ಕೆಲಸವೇ ತಡ ಮಾಡಿಸುವುದು. ಗಲ್ಲಿಯ ಟಣ್ ಆಗಿ ಆರು ಸೆಕೆಂಡಿಗೆ ಗಾಡಿ ಸರ್ಕಲ್‌ಗೆ ಬರುತ್ತಿತ್ತು. ಕಣ್ಣು ಎಣಿಸುವುದು ನಾಲ್ಕನೆಯ ಸೆಕೆಂಡಿನಿಂದ ಒಂಬತ್ತನೆಯದರವರೆಗೆ. ಹತ್ತು ದಾಟಿ ಬಂದರೆ ಯಾವ ತಂಟೆಯೂ ಇಲ್ಲ, ಚೌಕದಲ್ಲಿ ನಿಂತು ಮುಂದಿನ ಟಣ್‌ಗೆ ಕಾಯಬಹುದು. ಅಂದರೆ ಕಂಬದಿಂದ ಸರ್ಕಲ್‌ವರೆಗಿನ ಐವತ್ತು ಮೀಟರ್‌ನಲ್ಲಿ, ಪ್ರತಿಯೊಬ್ಬನೂ, ಪ್ರತಿ ಸಲವೂ, ಕಡಿಮೆಯೆಂದರೆ ಇನ್ನೂ ಐದು ಸೆಕೆಂಡು ಹೆಚ್ಚಾಗಿ ಕಳೆಯಬೇಕು.

"ನಿಧಾನ ಹೋಗ್ರಿ ಅಂದ್ರೆ ಸಾಕಲ್ವಾ?" ಎಂದಳು ತಮ್ಮನಿಗೆ.

ಕೊಟ್ರೇಶಿ ನಕ್ಕ. "ಮಂಡಕ್ಕಿ ಹುಡುಗರಿಗೆ ನಿಧಾನ ಅಂದ್ರೆ ಇವತ್ತು ಕೇಳ್ತಾರೆ, ನಾಳೆ ಮರೀತಾರೆ. ಚೀಲದಾಗೆ ಬಿಸಿ ಇರ್ತೈತೆ ಅಕ್ಕಾ, ಕೈ ತಾನಾಗೇ ತಿರುಗ್ತೈತೆ."

"ಉಬ್ಬು ಹಾಕ್ಸಿದ್ರೆ?"

"ಉಬ್ಬಿನ ಮೇಲೆ ಹಾರಿಸೋದಂದ್ರೆ ಇನ್ನೂ ಖುಷಿ."

ಹಾಲಮ್ಮ ಜರಡಿ ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಮಗಳನ್ನು ದಿಟ್ಟಿಸಿದಳು.

"ಗಲ್ಲೀಲಿ ಮೊದ್ಲು ಯಾರಾದ್ರೂ ಗಾಡಿ ಓಡಿಸಿದ್ದು ನೋಡಿದ್ಯೇನು ನೀನು?"

"ಇಲ್ಲ. ಎಲ್ಲಾ ಇಳಿದು ತಳ್ಕೊಂಡು ಹೋಗ್ತಿದ್ರು."

"ಯಾಕೆ?"

ದಾಕ್ಷಾಯಣಿ ತಿರುಗಿ ಗಲ್ಲಿಯ ಕಡೆ ನೋಡಿದಳು. ಕುದಿಸಿದ ಭತ್ತವನ್ನು ಗಲ್ಲಿಯ ಉದ್ದಕ್ಕೂ ಬಿಸಿಲಿಗೆ ಹರವುತ್ತಿದ್ದರು. ಭತ್ತ ಹರವಿದ ಕಡೆ ಗಾಡಿಯ ಮೇಲೆ ಕೂತು ಹೋಗುವುದೆಂದರೆ ಅನ್ನ ತುಳಿದಂತೆ. ಹಿಂದೂವಾಗಲಿ ಮುಸಲ್ಮಾನನಾಗಲಿ, ಕುಡಿದವನಾಗಲಿ, ಭಟ್ಟಿ ಗಲ್ಲಿಯಲ್ಲಿ ಆ ಕೆಲಸ ಮಾಡಿದ ಗಂಡು ಹುಟ್ಟಿರಲಿಲ್ಲ. ಭತ್ತ ಕಂಡ ಕೂಡಲೇ ಎಂಜಿನ್ ಆರಿಸಿ, ಇಳಿದು, ಗೋಡೆಯ ಪಕ್ಕದ ಒಂದಡಿ ಜಾಗದಲ್ಲಿ ತಳ್ಳಿಕೊಂಡು ಹೋಗುವುದು. ಯಾರೂ ಹೇಳಬೇಕಿರಲಿಲ್ಲ, ಕೈ ತಾನಾಗಿಯೇ ಎಂಜಿನ್ ಆರಿಸುತ್ತಿತ್ತು.

"ಭತ್ತ ಈಗ ಯಾಕೆ ಹರವಲ್ಲ?" ಎಂದು ಕೇಳಿದಳು, ಉತ್ತರ ಗೊತ್ತಿದ್ದೂ.

"ಬಡಿತದ ರಸ್ತೆ ಮೇಲೆ ಧಾನ್ಯ ಒಣಗಿಸಬಾರದು ಅಂತ ನೋಟೀಸು ಅಂಟಿಸಿದ್ರಲ್ಲ. ನಾನೇನು ಓದಲ್ಲ, ಆದ್ರೂ ನಿನ್ ಸಹಿ ಗುರುತು ಸಿಗಲ್ವೇನು? ಈಗ ಮೂರು ಮೈಲಿ ಹೊತ್ತು ಹೋಗಿ ಒಣಗಿಸ್ಕೊಂಡು ಬರ್ತೀವಿ."

ದಾಕ್ಷಾಯಣಿ ತಾಯಿಯನ್ನು ಬಿಗಿಯಾಗಿ ತಬ್ಬಿಕೊಂಡಳು. ಹಾಲಮ್ಮನ ಸೀರೆಯ ಮರಳೆಲ್ಲ ಮಗಳ ಕುರ್ತಾಕ್ಕೆ ಅಂಟಿತು. "ಅವ್ವಾ, ಭತ್ತ ಎಷ್ಟೈತೆ?"

"ಇವತ್ತಿಂದು ಬುಟ್ಟೀಲೇ ಐತೆ. ಪಕ್ಕದ ಫಾತಿಮಾಬಿ ಮನೇಲೂ ಐತೆ. ಯಾಕೆ?"

ಅರ್ಧ ಗಂಟೆಯಲ್ಲಿ ಗಲ್ಲಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಬಂದರು. ಯಾಕೆ, ಏನು ಎಂದು ಅರ್ಧ ಜನಕ್ಕೆ ತಿಳಿಯಲಿಲ್ಲ. ನೋಟೀಸು ಅಂಟಿಸಿದವಳೇ ತೋಳು ಮಡಚಿ ಮೊಣಕಾಲೂರಿ ಭತ್ತ ಹರವುತ್ತಿದ್ದದ್ದು ನೋಡಿ ಅವರಿಗೆ ಅಷ್ಟೇ ಸಾಕಾಗಿತ್ತು. ಕಂಬದಿಂದ ಎರಡು ಮಾರು ಬಿಟ್ಟು ಶುರುಮಾಡಿ, ಸರ್ಕಲ್‌ನ ಬಾಯಿಯವರೆಗೆ ಹೊನ್ನಿನ ಬಣ್ಣದ ಹಾಸು ಬಿತ್ತು. ಹಾಲಮ್ಮ ಅಂಚು ತಿದ್ದುತ್ತ, ಗೋಡೆಯ ಪಕ್ಕ ಸರಿಯಾಗಿ ಒಂದಡಿ ಬಿಡಿಸಿದಳು.

ನಾಲ್ಕೂವರೆಗೆ ತಿಪ್ಪೇರುದ್ರಪ್ಪನವರ ಜೀಪು ಬಂತು. ಕಂಕುಳಲ್ಲಿ ಕೆಂಪು ದಾರದ ಫೈಲು. ಸರ್ಕಲ್‌ನ ಪೊಲೀಸ್ ಕಟ್ಟೆಯ ಮೇಲೆ ನಿಂತು ಭತ್ತ ನೋಡಿದರು, ದಾಕ್ಷಾಯಣಿಯನ್ನು ನೋಡಿದರು.

"ಇದು ನಿಮ್ಮದೇ ನೋಟೀಸಿಗೆ ವಿರುದ್ಧ ಅಲ್ವೇನ್ರೀ?"

"ಹೌದು ಸಾರ್."

"ಸರಿ, ಮೊದಲ ಗಾಡಿ ಯಾರದು?"

ಕೊಟ್ರೇಶಿಯ ಗಾಡಿ ಅಲ್ಲೇ ನಿಂತಿತ್ತು, ಓಡಿಸುವವನ ಕೈ ಪ್ಲಾಸ್ಟರಿನಲ್ಲಿತ್ತು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಟು ಜನ ಬಿದ್ದ ಜಾಗ, ಹಿಂಜರಿದದ್ದು ತಪ್ಪಲ್ಲ. "ನಂದು," ಎಂದಳು ದಾಕ್ಷಾಯಣಿ. ಬಿಸಿ ಮಂಡಕ್ಕಿಯ ನಾಲ್ಕು ಚೀಲ ಕಟ್ಟಿಸಿಕೊಂಡು ಕಂಬದ ಹತ್ತಿರ ಹೋಗಿ ಕೂತಳು. ಬೆನ್ನಿಗೆ ಒಲೆ ಕಟ್ಟಿಕೊಂಡಂತಿತ್ತು. ಹದಿನೆಂಟು ವರ್ಷದಿಂದ ಮೊಪೆಡ್ಡು ಮುಟ್ಟಿರಲಿಲ್ಲ.

ಟಣ್.

ಕೊಟ್ರೇಶಿ ಹೇಳಿದ್ದು ನಿಜ. ಕೈ ತಾನಾಗಿಯೇ ತಿರುಗಿತು. ಗಾಡಿ ಚಂಗನೆ ನೆಗೆಯಿತು. ಸರ್ಕಲ್ ಎಷ್ಟು ಹತ್ತಿರವಿತ್ತೆಂದರೆ ತಿಪ್ಪೇರುದ್ರಪ್ಪನವರ ಕನ್ನಡಕವೂ ಕಾಣುತ್ತಿತ್ತು. ಅಷ್ಟರಲ್ಲಿ ಮುಂದಿನ ಚಕ್ರದೆದುರು ಭತ್ತ ಕಂಡಿತು. ಯೋಚಿಸಬೇಕಾಗಲೇ ಇಲ್ಲ. ಎಂಜಿನ್ ಆರಿತ್ತು, ಅವಳು ಇಳಿದಾಗಿತ್ತು. ಗೋಡೆಗೆ ಮೈ ಒತ್ತಿ ಒಂದೊಂದೇ ಹೆಜ್ಜೆ ತಳ್ಳತೊಡಗಿದಳು. ಎದುರಿಗೆ ಸರ್ಕಲ್‌ನಲ್ಲಿ ಟಣ್ ಎಂದಿತು. ನಿಂತಿದ್ದ ಲಾರಿಗಳು ಹೊರಟವು, ಚೌಕ ಖಾಲಿಯಾಯಿತು. ಅವಳಿನ್ನೂ ಅರ್ಧ ದಾರಿಯಲ್ಲಿದ್ದಳು. ಹಿಂದಿನಿಂದ ಹಾಲಮ್ಮ "ಎಡಕ್ಕೆ, ಎಡಕ್ಕೆ! ಭತ್ತ ಎಳೀತಾ ಐತೆ ಚೀಲ!" ಎಂದು ಕೂಗುತ್ತಿದ್ದಳು. ಖಾಲಿ ಚೌಕಕ್ಕೆ ಗಾಡಿ ತಂದು ನಿಲ್ಲಿಸಿ ಮೊಬೈಲ್ ನೋಡಿದಳು. ಇಪ್ಪತ್ತೆಂಟು ಸೆಕೆಂಡು.

ಮುಂದಿನ ಟಣ್ ಆಯಿತು. ಅವಳ ದಾರಿ ಒಂದೇ ತೆರೆಯಿತು, ಬಲಗಡೆ ಕೆಂಪಾಗಿಯೇ ಉಳಿಯಿತು. ದಾಟಿ ಹೋಗಿ, ರಸ್ತೆಯ ಆಚೆ ಗಾಡಿ ನಿಲ್ಲಿಸಿ, ಅಲ್ಲಿಂದಲೇ ಎರಡೂ ಕೈ ಮೇಲೆತ್ತಿ ಕುಣಿದಳು. ಗಲ್ಲಿಯವರು ಸಿಳ್ಳೆ ಹೊಡೆದರು. ಅವಳ ಹಿಂದೆ ಒಂದು, ಮತ್ತೊಂದು, ಎಂಟು ಬಡಿತದಲ್ಲಿ ಹದಿನೇಳು ಗಾಡಿ ದಾಟಿದವು. ಒಬ್ಬನೂ ಭತ್ತದ ಮೇಲೆ ಕೂತು ಬರಲಿಲ್ಲ, ಕಣ್ಣು ಒಂದು ಸಲವೂ ಗಲಿಬಿಲಿಗೊಳ್ಳಲಿಲ್ಲ. ತಿಪ್ಪೇರುದ್ರಪ್ಪನವರು ಫೈಲಿನ ದಾರ ಬಿಚ್ಚಿ, ಕಾಗದ ತೆಗೆದು, ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡರು.

"ಆದರೆ ಸಮಿತಿಗೆ ಏನೋ ಒಂದು ಕಾರಣ ಬರೀಬೇಕು," ಎಂದರು ಅವಳು ಹತ್ತಿರ ಬಂದಾಗ. "ಯಂತ್ರದ ದೋಷ ಅಂತ ಬರೀಲಾ?"

"ಯಂತ್ರದ್ದೇನೂ ಇಲ್ಲ ಸಾರ್. ನಾನು ಬರೆದ ಒಂದು ಸಾಲಿನ ದೋಷ. ನನ್ ಹೆಸರೇ ಬರೀರಿ."

ಅವರು ಅವಳ ಮುಖವನ್ನೊಮ್ಮೆ ನೋಡಿ, ಬರೆದುಕೊಂಡರು.

ಸಮಿತಿ ಮುಗಿದ ಮೇಲೆ ಇಬ್ಬರೂ ಕೇಂದ್ರಕ್ಕೆ ಬಂದರು. ಹೊರಗೆ ಕೆರೆಯ ಮೇಲೆ ಇನ್ನೂ ಬಿಸಿಲಿತ್ತು. ದಾಕ್ಷಾಯಣಿ ಕಡತ ತೆರೆದು ನಾನೂರ ಹದಿನೇಳನೆಯ ಸಾಲು ಅಳಿಸಿದಳು. ಬೆರಳು ಅಲ್ಲೇ ನಿಂತಿತು. ಆ ಕಡತದಲ್ಲಿ ಅಂಥ ಸಾಲು ಅದೊಂದೇ ಇರಲಿಲ್ಲ. 'ಇಲ್ಲಿಂದ ಯಾರೂ ಬರುವುದಿಲ್ಲ' ಎಂಬ ಸಾಲುಗಳನ್ನೆಲ್ಲ ಹುಡುಕಲು ಯಂತ್ರಕ್ಕೆ ಹೇಳಿದಳು. ಅರವತ್ಮೂರು ಸಿಕ್ಕವು. ಕೆಲವನ್ನು ಅವಳೇ ಬರೆದಿದ್ದಳು, ಉಳಿದವನ್ನು ಬೇರೆಯವರು, ತಮಗೆ ಚೆನ್ನಾಗಿ ಗೊತ್ತಿದ್ದ ಓಣಿಗಳ ಬಗ್ಗೆ ಬರೆದಿದ್ದರು.

"ಎಲ್ಲಾನೂ ತೆಗೀತೀನಿ ಸಾರ್. ಯಂತ್ರ ಏನಂತೈತೋ ನೋಡೋಣ."

ಅರವತ್ಮೂರನ್ನೂ ಅಳಿಸಿ ವರದಿ ಕೇಳಿದಳು. ಗೋಡೆಯಗಲದ ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ಹೊತ್ತಿಕೊಂಡಿತು, ಆಮೇಲೆ ಹತ್ತು, ಆಮೇಲೆ ಊರ ತುಂಬ. ಸಂತೆಯ ಹಿಂದಿನ ಸಂದಿ, ಬಟ್ಟೆ ಗಿರಣಿಯ ಹಿತ್ತಲು, ಹೊಂಡದ ಸರ್ಕಲ್ ಪಕ್ಕದ ಓಣಿ. ತಿಪ್ಪೇರುದ್ರಪ್ಪನವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಹೋದರು.

"ಇಷ್ಟು ಜನ ಎಲ್ಲಿದ್ರಮ್ಮಾ ಇಷ್ಟು ದಿನ?"

"ಇಲ್ಲೇ ಇದ್ರು ಸಾರ್. ನಾವು ಬರೆದುಕೊಂಡಿರಲಿಲ್ಲ."

ಅವಳ ಮೈಯಲ್ಲಿ ಹುರುಪು ಉಕ್ಕುತ್ತಿತ್ತು. ಇಷ್ಟೊಂದು ತಪ್ಪು ಒಟ್ಟಿಗೆ ನೋಡಿ ಇಷ್ಟೊಂದು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ. ಖಾಲಿ ಪುಟ ತೆರೆದು ಮೊದಲ ಕೆಂಪು ಓಣಿಯ ಹೆಸರು ಬರೆದಳು. ಅಲ್ಲಿಂದ ಯಾರು, ಎಷ್ಟು ಹೊತ್ತಿಗೆ, ಏನು ಹೊತ್ತುಕೊಂಡು ಬರುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೆಸರಿನ ಮುಂದೆ 'ಬೆಳಿಗ್ಗೆ ಹೋಗಿ ಕೇಳಬೇಕು' ಎಂದು ಬರೆದು ಎರಡನೆಯದಕ್ಕೆ ಹೋದಳು.